ಕಾಗದದ ಹೂವನ್ನು ಹೊತ್ತು ತಂದವರು ಯಾರು?

ಏಪ್ರಿಲ್ ಮುಗಿದು ಮೇ ಕಾಲಿಟ್ಟ ಮೇಲೆ ಬಯಲುಸೀಮೆಯ ಯಾವ ಊರಿಗೆ ಹೋದರೂ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಹೊಲ ಬರಿದು, ಕೆರೆಯ ತಳ ಬಿರುಕು, ಬೇಲಿಯ ಸೊಪ್ಪೆಲ್ಲ ಒಣಗಿ ಬೂದಿ ಬಣ್ಣ. ಇಂಥ ಹೊತ್ತಿನಲ್ಲೂ ಊರೊಳಗೆ ನಾಲ್ಕು ಕಡೆ ಬಣ್ಣ ಇದ್ದೇ ಇರುತ್ತದೆ. ಶಾಲೆಯ ಕಾಂಪೌಂಡಿನಲ್ಲಿ ಕೆಂಪು ತುರಾಯಿ ಮರ. ಮೇ ಫ್ಲವರ್, ಗುಲ್‌ಮೊಹರ್ ಅಂತಲೂ ಕರೆಯುತ್ತೇವಲ್ಲ, ಅದೇ. ಮನೆಯ ಗೇಟಿನ ಮೇಲೆ ಹಬ್ಬಿದ ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ. ದೇವಸ್ಥಾನದ ಅಂಗಳದಲ್ಲಿ ಎಲೆ ಉದುರಿಸಿ ಬರೀ ಹೂ ಹೊತ್ತು ನಿಂತ ದೇವಕಣಗಿಲೆ. ಹಿತ್ತಲ ಗೋಡೆಯ ಬುಡದಲ್ಲಿ, ಯಾರೂ ನೀರು ಹಾಕದಿದ್ದರೂ ಸಾಯದ ನಿತ್ಯಪುಷ್ಪ.

ಈ ನಾಲ್ಕರಲ್ಲಿ ಒಂದೂ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಕೆಂಪು ತುರಾಯಿ ಮತ್ತು ನಿತ್ಯಪುಷ್ಪ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದವು. ಕಾಗದದ ಹೂ ದಕ್ಷಿಣ ಅಮೆರಿಕದ್ದು. ದೇವಕಣಗಿಲೆ ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ಕಡೆಯದು. ನಮ್ಮ ಬೇಸಿಗೆಯ ಬಣ್ಣವೆಲ್ಲ ಹಡಗು ಹತ್ತಿ ಬಂದದ್ದು ಎಂದರೆ ತಪ್ಪಾಗಲಾರದು. ಅವನ್ನು ಹಡಗಿಗೆ ಹತ್ತಿಸಿದವರು ಯಾರು, ಇಳಿಸಿ ನಮ್ಮ ಹಿತ್ತಲಿನ ತನಕ ತಂದವರು ಯಾರು ಎಂದು ಹುಡುಕಿದರೆ ಇತಿಹಾಸದ ಪುಸ್ತಕದಲ್ಲಿ ಸಿಗುವ ಹೆಸರುಗಳು ಒಂದು ಬಗೆ, ಸಿಗದವು ಇನ್ನೊಂದು ಬಗೆ. ಈ ಬರಹ ಎರಡನೆಯವರ ಬಗ್ಗೆ.

ಬಚ್ಚಲ ನೀರಿನ ಹೂ, ಬೇಲಿಯ ಹೂ

ನಮ್ಮದೇ ಬೇಸಿಗೆ ಹೂಗಳು ಇಲ್ಲವೇ? ಇವೆ. ಮಲ್ಲಿಗೆ ಇದೆ. ಕ್ರಿ.ಶ. 941ರ ಸುಮಾರಿಗೆ ಪಂಪ ಬನವಾಸಿಯನ್ನು ನೆನೆದು ಬರೆಯುವಾಗ ಮಲ್ಲಿಗೆಯನ್ನು ಮರೆಯಲಿಲ್ಲ. ಇವತ್ತಿಗೂ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಕನಕಾಂಬರ ಇದೆ. ಹಳೆಯ ಕಣಗಿಲೆಯೂ ಇದೆ.

ಆದರೆ ಮಲ್ಲಿಗೆ, ಕನಕಾಂಬರಗಳಿಗೆ ಬೇಸಿಗೆಯಲ್ಲಿ ನೀರು ಬೇಕು. ಹಳ್ಳಿಯ ಮನೆಗಳಲ್ಲಿ ಈ ಗಿಡಗಳ ಜಾಗ ಎಲ್ಲಿರುತ್ತಿತ್ತು ನೆನಪಿಸಿಕೊಳ್ಳಿ: ಬಚ್ಚಲ ನೀರು ಹರಿದುಹೋಗುವ ಕಡೆ. ಸ್ನಾನ ಮಾಡಿದ, ಪಾತ್ರೆ ತೊಳೆದ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಮಲ್ಲಿಗೆಯ ರಾಜ್ಯ. ಅದರಾಚೆ, ಕೊಡಪಾನದ ನೀರು ತಲುಪದ ಬೇಲಿಯ ಅಂಚು, ಗೇಟು, ಗೋಡೆಯ ಬುಡ ಬೇಸಿಗೆಯಲ್ಲಿ ಖಾಲಿಯಾಗಿರುತ್ತಿತ್ತು. ಹೊರಗಿನಿಂದ ಬಂದ ಹೂಗಳು ಹಿಡಿದದ್ದು ಈ ಖಾಲಿ ಜಾಗವನ್ನು. ಅವು ಮಲ್ಲಿಗೆಯನ್ನು ಓಡಿಸಲಿಲ್ಲ, ಮಲ್ಲಿಗೆ ಹೋಗಲಾರದ ಕಡೆ ನಿಂತವು.

ಅವು ನಿಲ್ಲಲು ಕಾರಣವೂ ಇದೆ. ಕೆಂಪು ತುರಾಯಿಯ ಹುಟ್ಟೂರು ಮಡಗಾಸ್ಕರಿನ ಪಶ್ಚಿಮ ಮತ್ತು ಉತ್ತರ ಭಾಗದ ಒಣ ಕಾಡು. ಅಲ್ಲಿಯೂ ತಿಂಗಳುಗಟ್ಟಲೆ ಮಳೆಯಿಲ್ಲ, ಆಮೇಲೆ ಒಮ್ಮೆಗೇ ಮಳೆಗಾಲ. ಮರ ಒಣಗಾಲದಲ್ಲಿ ಎಲೆ ಉದುರಿಸಿ ನೀರು ಉಳಿಸುತ್ತದೆ, ಮಳೆ ಬರುವ ಮುಂಚೆ ಹೂ ಬಿಡುತ್ತದೆ. ಅದು ಭೂಮಧ್ಯರೇಖೆಯ ಆಚೆಯ ನಾಡಾದ್ದರಿಂದ ಅಲ್ಲಿ ಈ ಮರ ಕೆಂಪಾಗುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ನಮ್ಮಲ್ಲಿಗೆ ಬಂದ ಮೇಲೆ ನಮ್ಮ ಬಿಸಿಲಿಗೆ ತಕ್ಕಂತೆ ಏಪ್ರಿಲ್-ಮೇ ತಿಂಗಳಿಗೆ ತಿರುಗಿಕೊಂಡಿತು. ಕ್ಯಾಲೆಂಡರ್ ಬದಲಾಯಿತು, ಬಿಸಿಲಿನ ಲೆಕ್ಕ ಬದಲಾಗಲಿಲ್ಲ.

ಕಾಗದದ ಹೂವಿನದು ಇನ್ನೊಂದು ಗುಣ. ಅದಕ್ಕೆ ನೀರು ಹೆಚ್ಚು ಕೊಟ್ಟರೆ ಬರೀ ಎಲೆ, ಬಳ್ಳಿ. ಬೇರು ಸ್ವಲ್ಪ ಒಣಗಿದರೆ ಮೈತುಂಬ ಬಣ್ಣ. ಆ ಬಣ್ಣವೂ ನಿಜವಾಗಿ ಹೂವಿನದಲ್ಲ. ನಾವು ಹೂ ಎನ್ನುವ ಮೂರು ತೆಳು ಹಾಳೆಗಳು ಬಣ್ಣ ಬಂದ ಎಲೆಗಳು. ಅವುಗಳ ನಡುವೆ ಕಡ್ಡಿಯಂತೆ ಎದ್ದು ನಿಂತ ಸಣ್ಣ ಬಿಳಿಯದೇ ಹೂ. ಎಲೆಯಾದ್ದರಿಂದಲೇ ಬಿಸಿಲಿಗೆ ಬೇಗ ಬಾಡುವುದಿಲ್ಲ. ದೇವಕಣಗಿಲೆ ತನ್ನ ದಪ್ಪ ಕೊಂಬೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ನಿತ್ಯಪುಷ್ಪದ ಎಲೆ ಕಹಿ, ವಿಷ. ದನ-ಆಡು ಬಾಯಿ ಹಾಕುವುದಿಲ್ಲ. ಹಳ್ಳಿಯ ಹಿತ್ತಲಲ್ಲಿ ಬದುಕಲು ಬರವನ್ನು ತಡೆದರೆ ಸಾಲದು, ಆಡನ್ನೂ ತಡೆಯಬೇಕು.

ಹೆಸರು ಸಿಕ್ಕವರು

ಈ ಗಿಡಗಳ ವಿಜ್ಞಾನದ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಕಾಗದದ ಹೂವಿಗೆ ಬೋಗನ್‌ವಿಲ್ಲಾ ಎಂಬ ಹೆಸರು ಬಂದದ್ದು ಫ್ರಾನ್ಸಿನ ನೌಕಾಯಾನಿ ಲೂಯಿ ಆಂತ್ವಾನ್ ದ ಬೂಗನ್‌ವಿಲ್‌ನಿಂದ. ದೇವಕಣಗಿಲೆಯ ಹೆಸರು ಪ್ಲುಮೇರಿಯಾ. ಅದು 17ನೇ ಶತಮಾನದ ಫ್ರೆಂಚ್ ಸಸ್ಯಶಾಸ್ತ್ರಜ್ಞ, ಸನ್ಯಾಸಿ ಶಾರ್ಲ್ ಪ್ಲುಮಿಯೇ ನೆನಪಿಗೆ. ಕೆಂಪು ತುರಾಯಿಗೆ ಮೊದಲು ಇಟ್ಟ ಹೆಸರು ಪೋಯಿನ್ಸಿಯಾನಾ. ಕೆರಿಬಿಯನ್ ದ್ವೀಪಗಳಲ್ಲಿ ಫ್ರಾನ್ಸಿನ ಗವರ್ನರ್ ಆಗಿದ್ದ ದ ಪ್ವಾನ್ಸಿಯ ಗೌರವಕ್ಕೆ. ಮಡಗಾಸ್ಕರಿನ ಮರಕ್ಕೂ ಆತನಿಗೂ ಯಾವ ಸಂಬಂಧವೂ ಇಲ್ಲ. ನೌಕಾಯಾನಿ, ಪಂಡಿತ, ಗವರ್ನರ್. ಹೂಗಳ ಮೇಲೆ ಕೆತ್ತಿಸಿಕೊಂಡ ಹೆಸರುಗಳು ಇಂಥವರವು.

ಬೂಗನ್‌ವಿಲ್ ಆ ಹೂವನ್ನು ಹುಡುಕಿದವನಲ್ಲ. 1766ರಿಂದ 1769ರವರೆಗೆ ಆತ ಎರಡು ಹಡಗುಗಳೊಂದಿಗೆ ಭೂಮಿಯನ್ನು ಸುತ್ತಿ ಬಂದ. ಗಿಡಮೂಲಿಕೆಗಳನ್ನು ಸಂಗ್ರಹಿಸಲು ಫಿಲಿಬರ್ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞ ಜೊತೆಗಿದ್ದ. 1767ರಲ್ಲಿ ಹಡಗುಗಳು ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ನಿಂತಾಗ ಈ ಗಿಡ ಸಿಕ್ಕಿತು. ಕಾಮರ್ಸನ್ ತನ್ನ ನಾಯಕನ ಹೆಸರನ್ನೇ ಅದಕ್ಕಿಟ್ಟ. 1789ರಲ್ಲಿ ಪ್ಯಾರಿಸ್ಸಿನ ರಾಜರ ತೋಟದ ಜುಸ್ಯೂ ಎಂಬ ಪಂಡಿತ ಅದನ್ನು ಅಚ್ಚು ಹಾಕಿಸಿದ.

ಕಾಮರ್ಸನ್‌ನ ಕಾಲಿನಲ್ಲಿ ವಾಸಿಯಾಗದ ಹುಣ್ಣಿತ್ತು. ನಡೆಯುವುದೇ ಕಷ್ಟ. ಅವನ ಜೊತೆ 'ಬರೆ' ಎಂಬ ಒಬ್ಬ ಸಹಾಯಕ ಇದ್ದ. ಗುಡ್ಡ ಹತ್ತುವುದು, ಬುತ್ತಿ, ಬಂದೂಕು, ಗಿಡಗಳನ್ನು ಒತ್ತಿ ಒಣಗಿಸುವ ಕಾಗದದ ಕಟ್ಟುಗಳನ್ನು ಹೊರುವುದು ಎಲ್ಲ ಈ ಸಹಾಯಕನ ಕೆಲಸ. ಹೊರೆ ಹೊರುವ ದನಕ್ಕೆ ಹೋಲಿಸಿ ಅಡ್ಡಹೆಸರನ್ನೂ ಇಟ್ಟಿದ್ದರೆಂದು ಬೂಗನ್‌ವಿಲ್ಲೇ ಬರೆದಿದ್ದಾನೆ. 1768ರಲ್ಲಿ ಹಡಗು ತಹೀತಿ ದ್ವೀಪಕ್ಕೆ ಬಂದಾಗ ಅಲ್ಲಿನ ಜನ ನೋಡಿದ ಕೂಡಲೇ ಗುರುತಿಸಿದರು: ಈತ ಗಂಡಸಲ್ಲ, ಹೆಂಗಸು.

ಅವಳ ಹೆಸರು ಜಾನ್ ಬರೆ. 1740ರಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಹಳ್ಳಿಯ ಬಡವರ ಮನೆಯಲ್ಲಿ ಹುಟ್ಟಿದವಳು. ಫ್ರಾನ್ಸಿನ ನೌಕಾಪಡೆಯ ಹಡಗಿನಲ್ಲಿ ಹೆಂಗಸರು ಹೋಗುವಂತಿರಲಿಲ್ಲ. ಅದಕ್ಕೇ ಎದೆಗೆ ಬಟ್ಟೆ ಬಿಗಿದು, ಗಂಡಸಿನ ಉಡುಪು ತೊಟ್ಟು ಹಡಗು ಹತ್ತಿದ್ದಳು. ರಿಯೊದಲ್ಲಿ ಕಾಗದದ ಹೂವಿನ ಕೊಂಬೆಗೆ ಮೊದಲು ಕತ್ತರಿ ಹಾಕಿದ ಕೈ ಯಾರದು ಎಂಬುದಕ್ಕೆ ಕಾಗದಪತ್ರವಿಲ್ಲ. ಕಾಲು ನೋಯುವ ಪಂಡಿತನಿಗಿಂತ ಅವಳೇ ಆಗಿರುವ ಸಾಧ್ಯತೆ ಹೆಚ್ಚು ಎಂದು ಅವಳ ಬದುಕನ್ನು ಅಧ್ಯಯನ ಮಾಡಿದವರು ವಾದಿಸುತ್ತಾರೆ. ಕಟ್ಟನ್ನು ಬೆನ್ನ ಮೇಲೆ ಹೊತ್ತವಳಂತೂ ಅವಳೇ.

ಮಾರಿಷಸ್‌ನಲ್ಲಿ ಕಾಮರ್ಸನ್ ಇಳಿದುಕೊಂಡ, ಬರೆಯೂ ಇಳಿದಳು. ಇಬ್ಬರೂ ಅಲ್ಲಿಂದ ಮಡಗಾಸ್ಕರಿಗೂ ಹೋಗಿ ಗಿಡ ಸಂಗ್ರಹಿಸಿದರು. 1773ರಲ್ಲಿ ಕಾಮರ್ಸನ್ ತೀರಿಕೊಂಡ. ಮರುವರ್ಷ ಅವಳು ಒಬ್ಬ ಫ್ರೆಂಚ್ ಸೈನಿಕನನ್ನು ಮದುವೆಯಾಗಿ ಆಮೇಲೆ ಊರಿಗೆ ಮರಳಿದಳು. ಹಾಗೆ ಭೂಮಿಯನ್ನು ಒಂದು ಸುತ್ತು ಮುಗಿಸಿದಳು; ನಮಗೆ ತಿಳಿದಂತೆ ಹಾಗೆ ಮಾಡಿದ ಮೊದಲ ಹೆಂಗಸು ಅವಳೇ. 1785ರಲ್ಲಿ ಫ್ರಾನ್ಸಿನ ನೌಕಾ ಇಲಾಖೆ ಅವಳಿಗೆ ವರ್ಷಕ್ಕೆ 200 ಲೀವ್ರ್ ಪಿಂಚಣಿ ಕೊಟ್ಟಿತು. 1807ರಲ್ಲಿ ಸತ್ತಳು.

ಕಾಮರ್ಸನ್ ಒಂದು ಗಿಡಕ್ಕೆ ಅವಳ ಹೆಸರಿಡಲು ಬಯಸಿದ್ದ, ಬರೆಟಿಯಾ ಎಂದು. ಆ ಹೆಸರು ಉಳಿಯಲಿಲ್ಲ, ಆ ಗಿಡ ಬೇರೆ ಕುಲಕ್ಕೆ ಸೇರಿಹೋಯಿತು. ಕೊನೆಗೆ 2012ರಲ್ಲಿ, ಅವಳು ಸತ್ತು 205 ವರ್ಷಗಳ ನಂತರ, ದಕ್ಷಿಣ ಅಮೆರಿಕದ ಒಂದು ಕಾಡುಗಿಡಕ್ಕೆ ಸೊಲಾನಮ್ ಬರೆಟಿಯೆ ಎಂದು ಹೆಸರಿಟ್ಟರು. ನಮ್ಮ ಬದನೆ, ಟೊಮೆಟೊ, ಆಲೂಗಡ್ಡೆಯ ಬಳಗದ್ದು. ನಾಯಕನಿಗೆ ಹೆಸರು ಬೇಗ ಸಿಕ್ಕಿತು, ಹೊತ್ತವಳಿಗೆ ಇನ್ನೂರು ವರ್ಷ ಹಿಡಿಯಿತು.

ಪ್ಯಾರಿಸ್ಸಿನ ತೋಟ, ಶ್ರೀರಂಗಪಟ್ಟಣದ ರಾಯಭಾರಿಗಳು

ಮೇಲೆ ಹೇಳಿದ ಪ್ಯಾರಿಸ್ಸಿನ ರಾಜರ ತೋಟ ಆ ಕಾಲದಲ್ಲಿ ಗಿಡಗಳ ಬಸ್ ನಿಲ್ದಾಣದ ಹಾಗಿತ್ತು. ಎಲ್ಲೆಲ್ಲಿಯವೋ ಅಲ್ಲಿ ಬಂದು ಇಳಿದು ಬೇರೆ ದಾರಿ ಹಿಡಿಯುತ್ತಿದ್ದವು. ಮಡಗಾಸ್ಕರಿನ ನಿತ್ಯಪುಷ್ಪವೂ ಫ್ರಾನ್ಸಿನ ರಾಜರ ತೋಟದ ಮೂಲಕವೇ ಲಂಡನ್ನಿನ ಚೆಲ್ಸಿ ಔಷಧಿ ತೋಟಕ್ಕೆ ಹೋಯಿತು. 1759ರಲ್ಲಿ ಲಿನೇಯಸ್ ಅದಕ್ಕೆ ಹೆಸರಿಟ್ಟ. 1788ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಹದಿನಾರನೇ ಲೂಯಿಯನ್ನು ಕಾಣಲು ಫ್ರಾನ್ಸಿಗೆ ಹೋದಾಗ ಸೈನ್ಯದ ನೆರವು, ಕುಶಲಕರ್ಮಿಗಳ ಜೊತೆಗೆ ಗಿಡ-ಬೀಜಗಳನ್ನೂ ತೋಟಗಾರರನ್ನೂ ಕೇಳಿದ್ದರು. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್‌ನ ನೆಲ ಆಗಲೇ ಹೊರನಾಡಿನ ಸಸಿಗಳಿಗೆ ಕಾದಿತ್ತು.

ಆದರೆ ಈ ಕಾಲದ ತೋಟಗಳ ಇನ್ನೊಂದು ಮುಖವನ್ನೂ ನೋಡಬೇಕು. ಹಿಂದೂ ಮಹಾಸಾಗರದ ಫ್ರೆಂಚ್ ದ್ವೀಪಗಳಲ್ಲಿ ತೋಟ, ಗದ್ದೆ, ಬಂದರು ನಡೆಯುತ್ತಿದ್ದದ್ದು ಗುಲಾಮರ ದುಡಿಮೆಯಿಂದ. ಮಡಗಾಸ್ಕರಿನಿಂದ, ಆಫ್ರಿಕಾದಿಂದ, ನಮ್ಮ ದೇಶದಿಂದಲೂ ಜನರನ್ನು ಹಿಡಿದು ಅಲ್ಲಿಗೆ ಸಾಗಿಸಿದ್ದರು. ಗಿಡ ಬಂದ ಸಮುದ್ರದ ದಾರಿಯಲ್ಲೇ ಮನುಷ್ಯರೂ ಮಾರಾಟಕ್ಕೆ ಹೋದರು. ಮಾರಿಷಸ್ ಪಕ್ಕದ ರಿಯೂನಿಯನ್ ದ್ವೀಪದಲ್ಲಿ ಗುಲಾಮಗಿರಿ ಮುಗಿದದ್ದು 1848ರ ಡಿಸೆಂಬರ್ 20ರಂದು. ಆ ದಿನವನ್ನು ಅಲ್ಲಿ ಈಗಲೂ ಹಬ್ಬವಾಗಿ ಆಚರಿಸುತ್ತಾರೆ, ಆ ತಿಂಗಳೇ ಅಲ್ಲಿನ ಕೆಂಪು ತುರಾಯಿ ಹೂ ಬಿಡುವ ಕಾಲ. ನಮಗೆ ಪರೀಕ್ಷೆ ಮುಗಿದ ರಜೆಯನ್ನು ನೆನಪಿಸುವ ಮರ ಅಲ್ಲಿನವರಿಗೆ ಬಿಡುಗಡೆಯನ್ನು ನೆನಪಿಸುತ್ತದೆ.

ವೆನ್ಸೆಸ್ಲಾಸ್ ಬೋಜರ್ ಎಂಬ ಸಸ್ಯಶಾಸ್ತ್ರಜ್ಞ ಮಡಗಾಸ್ಕರಿನಲ್ಲಿ ಕಂಡ ಈ ಮರದ ವಿವರ 1829ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾಯಿತು. 1840ರ ಸುಮಾರಿಗೆ ಅದು ಮುಂಬಯಿಯಲ್ಲಿತ್ತು. ಕಾಗದದ ಹೂ 1860ರ ಸುಮಾರಿಗೆ ಕಲ್ಕತ್ತಕ್ಕೆ ಬಂತು. ಅಂದರೆ ಇವೆರಡೂ ನಮ್ಮ ದೇಶಕ್ಕೆ ಬಂದು ಇನ್ನೂ ಇನ್ನೂರು ವರ್ಷ ತುಂಬಿಲ್ಲ.

ದೇವರ ಹೆಸರು ಸಿಕ್ಕ ಹೂ

ನಮ್ಮ ಭಾಷೆ ಈ ಹೊಸಬರಿಗೆ ಏನು ಮಾಡಿತು ನೋಡಿ. ಹೊರಗಿನಿಂದ ಬಂದ ವಸ್ತುವಿಗೆ ಕನ್ನಡ ಸಾಮಾನ್ಯವಾಗಿ 'ಸೀಮೆ' ಎಂಬ ಮುದ್ರೆ ಒತ್ತುತ್ತದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ನಮ್ಮ ನಾಲ್ಕು ಹೂಗಳ ಬಳಕೆಯ ಹೆಸರಿನಲ್ಲಿ ಆ ಮುದ್ರೆ ಇಲ್ಲ. ಮುಟ್ಟಿದರೆ ಕಾಗದದ ಹಾಗೆ, ಅದಕ್ಕೆ ಕಾಗದದ ಹೂ. ಪೇಟದ ಮೇಲಿನ ತುರಾಯಿಯ ಹಾಗೆ ಕಾಣುತ್ತದೆ, ಅದಕ್ಕೆ ಕೆಂಪು ತುರಾಯಿ. ವರ್ಷವಿಡೀ ಬಿಡುತ್ತದೆ, ಅದಕ್ಕೆ ನಿತ್ಯಪುಷ್ಪ. ಕೆಲವು ಕಡೆ ಕಾಶಿ ಕಣಗಿಲೆ. ಹೆಸರಿಟ್ಟವರು ಗವರ್ನರನ ಮುಖ ನೋಡಲಿಲ್ಲ, ಹೂವಿನ ಮುಖ ನೋಡಿದರು.

ದೇವಕಣಗಿಲೆಯ ಕಥೆ ಇನ್ನೂ ಸ್ವಾರಸ್ಯ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋದವರು ಕಲ್ಲಿನ ರಥದ ಫೋಟೊ ತೆಗೆಯುವಾಗ ಅಂಗಳದ ಹಳೆಯ ದೇವಕಣಗಿಲೆ ಮರವನ್ನೂ ಸೇರಿಸಿಕೊಳ್ಳುತ್ತಾರೆ. ರಥ, ಮಂಟಪ, ಮರ ಮೂರೂ ಒಂದೇ ಕಾಲದವು ಎನ್ನಿಸುವಷ್ಟು ಹೊಂದಿಕೊಂಡಿವೆ. ಆದರೆ ಕೊಲಂಬಸ್ ಅಮೆರಿಕ ತಲುಪಿದ್ದೇ 1492ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ವಿಜಯನಗರ ಬಿದ್ದದ್ದು 1565ರಲ್ಲಿ. ಈ ಜಾತಿಯ ಮರದ ತವರು ಹಂಪಿಯಿಂದ ಎರಡು ಸಾಗರ ಆಚೆ. ಹಾಗಿದ್ದೂ ಅದಕ್ಕೆ 'ದೇವ' ಎಂಬ ಹೆಸರು, ಗುಡಿಯ ಅಂಗಳದಲ್ಲಿ ಜಾಗ, ಪೂಜೆಯ ಬುಟ್ಟಿಯಲ್ಲಿ ಪಾಲು. ಬಂಗಾಳದಲ್ಲಿ ಕೆಂಪು ತುರಾಯಿಗೂ ಇಂಥದೇ ಭಾಗ್ಯ. ಅಲ್ಲಿ ಅದು ಕೃಷ್ಣಚೂಡ, ಕೃಷ್ಣನ ಮುಡಿ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಜಗಳವಾಡುವ ನಾವು ದೇವರ ಅಂಗಳದಲ್ಲೇ ನಿಂತ ಈ ಮರಗಳನ್ನು ಒಮ್ಮೆ ನೋಡಬೇಕು.

ಕಡೆಗಣಿಸಿದ ಗಿಡ ಕೊಟ್ಟ ಮದ್ದು

ಎಲ್ಲ ಹೊಸಬರಿಗೂ ಅಷ್ಟು ಗೌರವ ಸಿಗಲಿಲ್ಲ. ನಿತ್ಯಪುಷ್ಪಕ್ಕೆ ತಮಿಳಿನಲ್ಲಿ ನಿತ್ಯಕಲ್ಯಾಣಿ ಎಂಬ ಚಂದದ ಹೆಸರಿನ ಜೊತೆಗೆ ಸುಡುಗಾಡು ಮಲ್ಲಿಗೆ ಎಂಬ ಅರ್ಥದ ಹೆಸರೂ ಇದೆ. ಮಲಯಾಳದಲ್ಲಿ ಶವನಾರಿ. ನೀರಿಲ್ಲದ ಮಸಣದಲ್ಲೂ ಬೆಳೆಯುತ್ತದೆ, ಅದೇ ಅದರ ತಪ್ಪು.

1952ರಲ್ಲಿ ಕೆನಡಾದ ವೈದ್ಯವಿಜ್ಞಾನಿ ರಾಬರ್ಟ್ ನೋಬಲ್ ಅವರ ಕೈಗೆ ಜಮೈಕಾದಿಂದ ಲಕೋಟೆಯಲ್ಲಿ ಈ ಗಿಡದ ಎಲೆಗಳು ಬಂದವು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಅದರ ಕಷಾಯ ಕುಡಿಯುತ್ತಿದ್ದರು. ಪ್ರಯೋಗದಲ್ಲಿ ಇಲಿಗಳ ಸಕ್ಕರೆ ಇಳಿಯಲಿಲ್ಲ, ಆದರೆ ರಕ್ತದ ಬಿಳಿಕಣಗಳು ಇಳಿದವು. ಬಿಳಿಕಣ ಅತಿಯಾಗಿ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಇದು ಮದ್ದಾಗಬಹುದಲ್ಲ ಎಂಬ ದಾರಿ ಅಲ್ಲಿ ಕಂಡಿತು. 1958ರಲ್ಲಿ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಎಂಬ ಔಷಧಿಯನ್ನು ಪ್ರಕಟಿಸಿದರು. ಅದೇ ಗಿಡದ ಇನ್ನೊಂದು ಔಷಧಿ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತಿಗೂ ಕೊಡುವ ಔಷಧಿಗಳಲ್ಲಿ ಅದು ಮುಖ್ಯವಾದದ್ದು. ಒಂದು ಕಾಲಕ್ಕೆ ಬದುಕುವುದೇ ಅಪರೂಪವಾಗಿದ್ದ ಈ ಕಾಯಿಲೆಯಲ್ಲಿ ಈಗ ಸರಿಯಾದ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಉಳಿಯುತ್ತಾರೆ. (ಓದಿದ ಕೂಡಲೇ ಹಿತ್ತಲಿಗೆ ಹೋಗಿ ಕಷಾಯ ಮಾಡಬೇಡಿ. ಗಿಡ ವಿಷ. ನೂರಾರು ಕಿಲೋ ಒಣ ಎಲೆಯಿಂದ ಒಂದು ಗ್ರಾಂನಷ್ಟು ತೆಗೆಯುವ ಔಷಧಿ ಅದು.)

ಈ ಔಷಧಿ ಮಾರಿದ ಹಣದಲ್ಲಿ ಗಿಡದ ತವರಾದ ಮಡಗಾಸ್ಕರಿಗೆ ಪಾಲು ಹೋಗಲಿಲ್ಲ. ಹಾಗೆ ಪಾಲು ಕೊಡಬೇಕೆಂಬ ಮಾತು ಅಂತರರಾಷ್ಟ್ರೀಯ ಒಪ್ಪಂದವಾಗಿ ಬಂದದ್ದು 1992ರ ಜೀವವೈವಿಧ್ಯ ಒಡಂಬಡಿಕೆಯಲ್ಲಿ. ಅಷ್ಟು ಹೊತ್ತಿಗೆ ನಿತ್ಯಪುಷ್ಪ ಭೂಮಿಯ ಎಲ್ಲ ಬಿಸಿಲು ನಾಡುಗಳಲ್ಲೂ ಬೇರು ಬಿಟ್ಟಾಗಿತ್ತು.

ಸೆರಗಿನ ಮರೆಯಲ್ಲಿ ಬಂದ ಕಡ್ಡಿ

ನಮ್ಮ ರಾಜ್ಯದಲ್ಲೂ ತೋಟಗಳ ಇತಿಹಾಸ ಹೇಳುವಾಗ ಕೆಲವು ಹೆಸರುಗಳು ಬರುತ್ತವೆ, ಬರಬೇಕಾದ್ದೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದವರು. ಡಾ. ಎಂ.ಎಚ್. ಮರಿಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಇಲಾಖೆಯ ಫಾರಂ, ನರ್ಸರಿಗಳನ್ನು ತೆರೆದು ಸಸಿಗಳನ್ನು ಹಳ್ಳಿಯ ಹತ್ತಿರ ತಂದವರು. ಆದರೆ ಲಾಲ್‌ಬಾಗ್‌ನ ಮಣ್ಣು ಅಗೆದವರು, ಬುಡಕ್ಕೆ ನೀರು ಹೊತ್ತವರು ಯಾರು? ಬೆಂಗಳೂರಿನ ಸುತ್ತ ತೋಟಗಾರಿಕೆಯನ್ನೇ ಕುಲಕಸುಬು ಮಾಡಿಕೊಂಡಿದ್ದ ತಿಗಳ ಸಮುದಾಯದವರು ಮತ್ತು ಅವರಂಥ ಅನೇಕ ಮಾಲಿಗಳು. ಅವರ ಹೆಸರಿನ ರಸ್ತೆ, ಅವರ ಹೆಸರಿನ ಗಿಡ ಎಷ್ಟಿವೆ?

ನರ್ಸರಿಯಿಂದ ಆಚೆ, ಊರಿಂದ ಊರಿಗೆ ಗಿಡ ಹೋದದ್ದು ಇನ್ನೊಂದು ದಾರಿಯಲ್ಲಿ. ಕಾಗದದ ಹೂವಿಗೂ ದೇವಕಣಗಿಲೆಗೂ ಬೀಜ ಬೇಕಿಲ್ಲ. ಒಂದು ಗೇಣು ಕಡ್ಡಿ ಮುರಿದು ನೆಟ್ಟರೆ ಸಾಕು. ತವರಿಗೆ ಹೋದವಳು, ಬಾಣಂತಿ ನೋಡಲು ಹೋದವಳು, ಮದುವೆಗೆ, ಜಾತ್ರೆಗೆ ಹೋದವಳು ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಗಳೇ ನಮ್ಮ ಬೇಸಿಗೆಯ ಬಣ್ಣ. "ಅಕ್ಕ, ನಿಮ್ಮ ಗೇಟಿನ ಹೂವಿನ ಕಡ್ಡಿ ಒಂದು ಕೊಡ್ತೀರಾ?" ಎಂದು ಕೇಳಿ ತಂದದ್ದು ಒಂದಷ್ಟು. ಕೇಳದೆ ತಂದರೆ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯಲ್ಲಿ ಸೆರಗಿನ ಮರೆಗೆ ಸೇರಿದ್ದು ಇನ್ನೊಂದಷ್ಟು. ಶಾಲೆ, ರೈಲ್ವೆ ಸ್ಟೇಷನ್ನು, ಪ್ರವಾಸಿ ಮಂದಿರದ ಕಾಂಪೌಂಡಿನಿಂದ ಹೊರಟ ಗಿಡ ಹೀಗೆ ಕೇರಿ ಕೇರಿ ತಲುಪಿತು.

ಇದಕ್ಕೆ ದಾಖಲೆ ಇಲ್ಲ. ಇಲಾಖೆಯ ವರದಿಯಲ್ಲಿ ಎಷ್ಟು ಸಸಿ ವಿತರಿಸಿದರು ಎಂಬ ಲೆಕ್ಕ ಸಿಗುತ್ತದೆ, ಸೆರಗಿನಲ್ಲಿ ಬಂದ ಕಡ್ಡಿಯ ಲೆಕ್ಕ ಸಿಗುವುದಿಲ್ಲ. ಎರಡು ಶತಮಾನ ಆಚೆಯ ಜಾನ್ ಬರೆಯ ಬಗ್ಗೆ ನಾಲ್ಕು ಸಾಲಾದರೂ ಉಳಿದದ್ದು ಹಡಗಿನವರು ದಿನಚರಿ ಬರೆಯುತ್ತಿದ್ದರು ಎಂಬ ಒಂದೇ ಕಾರಣಕ್ಕೆ. ನಮ್ಮ ಅಜ್ಜಿಯರ ಬಗ್ಗೆ ಯಾರೂ ದಿನಚರಿ ಬರೆದಿಲ್ಲ. ಅವರಲ್ಲಿ ಅನೇಕರು ಇನ್ನೂ ಇದ್ದಾರೆ, ಅವರ ನೆನಪು ಇನ್ನೂ ಗಟ್ಟಿಯಿದೆ. ಈ ಗಿಡ ಯಾರ ಮನೆಯಿಂದ ಬಂತು ಎಂದರೆ ಊರು, ಮನೆತನ, ಯಾರ ಮದುವೆಯ ವರ್ಷ ಎಂಬುದರ ಸಮೇತ ಹೇಳುತ್ತಾರೆ.

ಈ ರಜೆಯಲ್ಲಿ ಊರಿಗೆ ಹೋದಾಗ ಅದೊಂದು ಕೆಲಸ ಮಾಡಿ. ಹಿತ್ತಲಿನ ಒಂದು ಹೂಗಿಡ ಆರಿಸಿಕೊಳ್ಳಿ. ಅದನ್ನು ತಂದವರ ಹೆಸರು, ಎಲ್ಲಿಂದ, ಯಾವ ವರ್ಷ, ಮೊದಲು ಯಾವ ಬಣ್ಣ ಬಿಟ್ಟಿತು ಎಂದು ಒಂದು ಪುಟದಲ್ಲಿ ಬರೆದುಕೊಳ್ಳಿ. ಅಜ್ಜಿಯ ಹೆಸರನ್ನು ಪೂರ್ತಿ ಬರೆಯಿರಿ, 'ಇಂಥವರ ಹೆಂಡತಿ' ಎಂದು ಮಾತ್ರ ಬರೆಯಬೇಡಿ. ಮಳೆ ಶುರುವಾಗುವ ಮುಂಚೆ ಕಳಿಸಿದರೆ ಇಲ್ಲೇ ಒಂದೊಂದಾಗಿ ಹಾಕುತ್ತಾ ಹೋಗೋಣ.